ಬಾಗಲಕೋಟಿ ಹುಡುಗ ಸಿಂಗಪೂರಕ್ಕೆ ಹೊಂಟ!

1978ರಲ್ಲಿ ಒಂದು ಚಿತ್ರ ಬಂತು. ಹೆಸರು ‘ಸಿಂಗಪೂರಿನಲ್ಲಿ ರಾಜಾ ಕುಳ್ಳ’. ವಿಷ್ಣುವರ್ಧನ್ ರಾಜ, ದ್ವಾರಕೀಶ್ ಕುಳ್ಳ, ನಿರ್ದೇಶನ ಸಿ.ವಿ. ರಾಜೇಂದ್ರನ್. ಕನ್ನಡದ ಕ್ಯಾಮೆರಾ ಸಮುದ್ರ ದಾಟಿತೆಂಬುದೇ ದೊಡ್ಡ ಸುದ್ದಿಯಾಗಿದ್ದ ಕಾಲ ಅದು. ಆಮೇಲೆ 1986ರಲ್ಲಿ ‘ಆಫ್ರಿಕಾದಲ್ಲಿ ಶೀಲಾ’ ಬಂತು, 1997ರಲ್ಲಿ ನಾಗತಿಹಳ್ಳಿಯವರ ‘ಅಮೆರಿಕಾ ಅಮೆರಿಕಾ’ ಬಂತು. ಈಗಂತೂ ಒಂದು ಹಾಡಿಗೆ ಮೂರು ದೇಶ!

ಆದರೆ ಗೆಳೆಯರೇ, ಸಿನಿಮಾದಲ್ಲಿ ಪರದೇಶ ಪ್ರಯಾಣ ಅಂದರೆ ಎರಡೇ ಶಾಟ್. ಮೊದಲನೆಯದರಲ್ಲಿ ನಾಯಕನ ಕೈಯಲ್ಲಿ ಸೂಟ್‌ಕೇಸ್. ಎರಡನೆಯದರಲ್ಲಿ ಮೋಡದ ಮೇಲೆ ವಿಮಾನ. ಇವೆರಡರ ನಡುವೆ ಸಂಕಲನಕಾರ ಕತ್ತರಿಸಿ ಬಿಸಾಕಿದ ರೀಲು ಎಷ್ಟು ಉದ್ದ ಇರುತ್ತದೆ ಅನ್ನೋದು ಪಾಸ್‌ಪೋರ್ಟ್ ಮಾಡಿಸಲು ಹೊರಟವನಿಗೇ ಗೊತ್ತು. ಆ ಕತ್ತರಿಸಿದ ರೀಲಿನ ಕಥೆಯೇ ಈ ಲೇಖನ. ಸಿಂಗಪೂರ್ ಹೇಗಿದೆ ಎಂದು ಬರೆಯಲು ಬೇಕಾದಷ್ಟು ಜನ ಇದ್ದಾರೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ದಾರಿಯಲ್ಲಿ ಒಬ್ಬ ಹುಡುಗ ಒಬ್ಬನೇ ಹೇಗೆ ಪರದೇಶಕ್ಕೆ ಹೊರಡುತ್ತಾನೆ ಎಂಬುದನ್ನು ಬರೆದವರು ಕಡಿಮೆ.

ಗುಳೆ ಅಲ್ಲ, ಪ್ರವಾಸ

ಮೊದಲು ಒಂದು ಮಾತು. ನಮ್ಮ ಕಡೆ ಊರು ಬಿಡುವುದು ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಹುನಗುಂದ, ಬಾದಾಮಿ ಕಡೆಯ ಹಳ್ಳಿಗಳಿಂದ ಸಂಸಾರ ಸಂಸಾರವೇ ಗಂಟು ಕಟ್ಟಿಕೊಂಡು ಗೋವಾ, ಮಂಗಳೂರು, ಬೆಂಗಳೂರು ಅಂತ ಹೊರಡುತ್ತದೆ. ಅದಕ್ಕೆ ಗುಳೆ ಎನ್ನುತ್ತೇವೆ. ಮಂಗಳೂರಿನ ಎಷ್ಟೋ ಬಹುಮಹಡಿ ಕಟ್ಟಡಗಳ ಸಿಮೆಂಟಿನಲ್ಲಿ ನಮ್ಮ ಜಿಲ್ಲೆಯವರ ಬೆವರಿದೆ. ಕಲೆಗಾಗಿ ಹೋದವರೂ ಇದ್ದಾರೆ. ಪಕ್ಕದ ಬೀಳಗಿಯಿಂದ ಹೊರಟ ಅಮೀರ್‌ಬಾಯಿ ಕರ್ನಾಟಕಿ ಮುಂಬಯಿ ಸೇರಿದರು, 1943ರ ‘ಕಿಸ್ಮತ್’ ಚಿತ್ರದಲ್ಲಿ ಹಾಡಿದರು. ಆ ಚಿತ್ರ ಕಲ್ಕತ್ತೆಯ ಒಂದೇ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿತು!

ಹೊಟ್ಟೆಗಾಗಿ ಹೋಗುವುದು ನಮಗೆ ಗೊತ್ತು. ಹೆಸರಿಗಾಗಿ ಹೋಗುವುದೂ ಗೊತ್ತು. ಆದರೆ ಬರೀ ನೋಡಲಿಕ್ಕಾಗಿ ಒಬ್ಬನೇ ಹೋಗಿ, ನೋಡಿ, ವಾಪಸು ಬರುವುದು? ಅದು ನಮ್ಮ ಓಣಿಯಲ್ಲಿ ಯಾರಿಗೂ ತಿಳಿಯಲಿಲ್ಲ.

ನಾನು ನಾಲ್ಕು ವರ್ಷ ಪತ್ರಿಕೆಗಳಿಗೆ ಬರೆದು, ಮದುವೆ ಮನೆಗಳ ವಿಡಿಯೋಗೆ ಸ್ಕ್ರಿಪ್ಟ್ ಬರೆದುಕೊಟ್ಟು ಸ್ವಲ್ಪ ದುಡ್ಡು ಕೂಡಿಟ್ಟಿದ್ದೆ. ಅದರಲ್ಲಿ ಎಂಟು ದಿನ ಸಿಂಗಪೂರ್ ನೋಡಿ ಬರುತ್ತೇನೆ ಎಂದಾಗ ಅವ್ವ ಒಲೆಯ ಮುಂದಿನಿಂದ ಎದ್ದಳು.

“ಯಾಕಪಾ, ಏನ್ ಕಮ್ಮಿ ಆಗೇತಿ ನಿನಗಿಲ್ಲಿ?”

“ಏನೂ ಕಮ್ಮಿ ಆಗಿಲ್ಲಬೇ. ನೋಡಿ ಬರ್ತೀನಿ.”

“ನಿಮ್ಮ ಕಾಕಾನೂ ಹಂಗ ಅಂದಿದ್ದ. ಗೋವಾಕ್ಕ ನೋಡಿ ಬರ್ತೀನಿ ಅಂತ ಹೋದಾಂವ ಹನ್ನೊಂದು ವರ್ಷ ಆತು, ದೀಪಾವಳಿಗೂ ಬರೂದಿಲ್ಲ. ಆ ರೊಕ್ಕದಾಗ ಒಂದು ಎಮ್ಮಿ ಬರ್ತಿತ್ತು.”

ಎಮ್ಮೆಯ ಲೆಕ್ಕ ಸುಳ್ಳಲ್ಲ. ಅದಕ್ಕೆ ನನ್ನ ಹತ್ತಿರ ಉತ್ತರವೂ ಇರಲಿಲ್ಲ. ಆದರೆ ಕಾಕಾನ ಮಾತು ಒಳಗೆ ನಾಟಿತು. ಅವ್ವನ ಭಯ ದುಡ್ಡಿನದಲ್ಲ. ಈ ನೆಲದಿಂದ ಎದ್ದವರು ಮರಳಿ ಬರುವುದಿಲ್ಲ ಎಂಬ ಭಯ ಅದು.

ನೀರೊಳಗಿನ ವಿಳಾಸ

ಪಾಸ್‌ಪೋರ್ಟ್ ಅರ್ಜಿ ಈಗ ಮೊಬೈಲಿನಲ್ಲೇ ತುಂಬಬಹುದು. 36 ಪುಟದ ಪುಸ್ತಕಕ್ಕೆ 1500 ರೂಪಾಯಿ, ಹತ್ತು ವರ್ಷ ಬಾಳಿಕೆ. ಅವಸರ ಇದ್ದವರಿಗೆ ತತ್ಕಾಲ್ ಇದೆ, ಅದಕ್ಕೆ ಇನ್ನೂ 2000. ದುಡ್ಡು ಕಟ್ಟಿ ದಿನ ಗೊತ್ತುಮಾಡಿಕೊಂಡು ಸೇವಾ ಕೇಂದ್ರಕ್ಕೆ ಹೋಗಬೇಕು. ನಾನು ಹುಬ್ಬಳ್ಳಿಗೆ ಹೋದೆ. ಫೋಟೋ, ಬೆರಳಚ್ಚು ಎಲ್ಲ ಅಲ್ಲೇ ತೆಗೆಯುತ್ತಾರೆ. ಸ್ಟುಡಿಯೋದಲ್ಲಿ ಕೋಟು ಬಾಡಿಗೆ ತಗೊಂಡು ಫೋಟೋ ಹೊಡೆಸಿಕೊಳ್ಳುವ ಖರ್ಚು ಉಳೀತು!

ಅರ್ಜಿಯಲ್ಲಿ ಮೊದಲ ಪ್ರಶ್ನೆಯೇ ಹೆಸರು. ದಕ್ಷಿಣದ ಕಡೆಯವರು ಇನಿಷಿಯಲ್ ಬಿಡಿಸಿ ಬರೆಯಲು ಒದ್ದಾಡುತ್ತಾರಂತೆ. ನಮಗೆ ಅಡ್ಡಹೆಸರು ಇದೆ, ಆ ಚಿಂತೆ ಇಲ್ಲ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ... ಸಂತೆಯಲ್ಲಿ ಇರುವುದೆಲ್ಲ ನಮ್ಮ ಅಡ್ಡಹೆಸರಿನಲ್ಲಿ ಇದೆ. ತೊಂದರೆ ಏನೆಂದರೆ, ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಅದು ಮೊದಲು ಬಂದಿರುತ್ತದೆ, ಆಧಾರ್‌ನಲ್ಲಿ ಕೊನೆಗೆ. ಇಂಗ್ಲಿಷ್ ಅಕ್ಷರ ಒಂದರಲ್ಲಿ ಒಂಬತ್ತು, ಇನ್ನೊಂದರಲ್ಲಿ ಹತ್ತು. ಹೊರಡುವ ಮನಸ್ಸಿರುವ ತಮ್ಮಂದಿರೇ, ಇದೊಂದು ಕೆಲಸ ಇವತ್ತೇ ಮಾಡಿಕೊಳ್ಳಿ. ಎಲ್ಲ ಕಾಗದಗಳನ್ನೂ ಚಾಪೆಯ ಮೇಲೆ ಹರವಿ, ಅಕ್ಷರ ಅಕ್ಷರ ಕೂಡಿಸಿ ನೋಡಿ.

ಎರಡನೆಯ ಪ್ರಶ್ನೆ ವಿಳಾಸ. ಬಾಗಲಕೋಟೆಯವನಿಗೆ ಇದರಷ್ಟು ಕಠಿಣ ಪ್ರಶ್ನೆ ಇನ್ನೊಂದಿಲ್ಲ. ಆಲಮಟ್ಟಿ ಆಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಆಣೆಕಟ್ಟು ಏರಿದಂತೆ ಕೃಷ್ಣೆಯ ನೀರು ಹಿಂದೆ ಸರಿದು ಘಟಪ್ರಭೆಯ ಪಾತ್ರದೊಳಗೆ ನುಗ್ಗಿತು. ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಡೆಯಾದವು. ಜನ ಗುಡ್ಡದ ಕಡೆ ಕಟ್ಟಿದ ನವನಗರಕ್ಕೆ ಬಂದರು. ಕಿಲ್ಲಾ, ಪೇಟೆ, ಗಲ್ಲಿ ಎಂಬ ಹೆಸರುಗಳ ಬದಲು ಸೆಕ್ಟರ್ ನಂಬರು, ಪ್ಲಾಟ್ ನಂಬರು ಬಂದವು. ಇಡೀ ಊರೇ ಸಾಮಾನು ಕಟ್ಟಿಕೊಂಡು ಹೊರಟ ಕಥೆ ನಮ್ಮದು!

ಅಪ್ಪನ ಹಳೆಯ ಕಾಗದಗಳಲ್ಲಿ ಇರುವ ಮನೆ ಈಗ ಇಲ್ಲ. ಪೋಲೀಸ್ ಪರಿಶೀಲನೆಗೆ ಬಂದ ಪೇದೆ ಹಳೆಯ ರೇಷನ್ ಕಾರ್ಡು ನೋಡಿ ನಕ್ಕರು.

“ಈ ವಿಳಾಸಕ್ಕ ಹೋಗಬೇಕಂದ್ರ ನಾ ಈಜು ಕಲೀಬೇಕಲ್ಲೋ ತಮ್ಮಾ.”

ಅಪ್ಪನೂ ನಕ್ಕರು. ಆಮೇಲೆ ಬಹಳ ಹೊತ್ತು ಸುಮ್ಮನೆ ಕೂತರು. ನಂತರ ಅವರಾಗಿಯೇ ಎದ್ದು ನವನಗರದ ಹಕ್ಕುಪತ್ರ, ಕರೆಂಟ್ ಬಿಲ್ಲು ತಂದಿಟ್ಟರು. ಆ ದಿನದಿಂದ ಮನೆಯಲ್ಲಿ ನನ್ನ ಪರವಾಗಿ ಒಂದು ಓಟು ಬಿತ್ತು. ಪುಸ್ತಕ ಸ್ಪೀಡ್ ಪೋಸ್ಟಿನಲ್ಲಿ ಬಂದ ದಿನ, ಅದರ ಕೊನೆಯ ಪುಟದ ವಿಳಾಸವನ್ನು ಅಪ್ಪ ಎರಡು ಸಲ ಓದಿಸಿ ಕೇಳಿದರು. “ಇದನ್ನ ಯಾರೂ ಮುಳುಗಿಸಾಕ ಬರೂದಿಲ್ಲಲ್ಲ?” ಅಂದರು.

ಹತ್ತನೇ ಕ್ಲಾಸಿನ ಬೆಲೆ

ನಾನು ಪಿಯುಸಿ ಅರ್ಧಕ್ಕೆ ಬಿಟ್ಟವನು. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ‘ಇಸಿಆರ್’ ಎಂದು ಮೂರಕ್ಷರ ಬೀಳುತ್ತದೆ. 1983ರ ವಲಸೆ ಕಾಯಿದೆಯಿಂದ ಬಂದ ಪದ್ಧತಿ ಇದು. ಸೌದಿ, ದುಬೈ, ಕುವೈತ್, ಮಲೇಷ್ಯಾ ಮೊದಲಾಗಿ 18 ದೇಶಗಳ ಪಟ್ಟಿಯಿದೆ. ಅಲ್ಲಿಗೆ ದುಡಿಯಲು ಹೋಗುವ ಇಸಿಆರ್‌ನವರು ಸರ್ಕಾರದ ಅನುಮತಿ ಪಡೆದೇ ಹೋಗಬೇಕು. ಕಡಿಮೆ ಓದಿದವರಿಗೆ ಮೋಸ ಆಗಬಾರದೆಂಬ ಉದ್ದೇಶ. ಹತ್ತನೇ ಕ್ಲಾಸು ಪಾಸಾದವರಿಗೆ ಆ ಮೂರಕ್ಷರ ಇಲ್ಲ. ಡಿಗ್ರಿ ಬೇಕಾಗಿಲ್ಲ, ಪಿಯುಸಿಯೂ ಬೇಕಾಗಿಲ್ಲ. ಆದ್ದರಿಂದ ಈ ಪತ್ರಿಕೆಯನ್ನು ಪಠ್ಯಪುಸ್ತಕದೊಳಗೆ ಇಟ್ಟುಕೊಂಡು ಓದುತ್ತಿರುವ ಹತ್ತನೇ ಕ್ಲಾಸಿನ ಹುಡುಗರಿಗೆ ಒಂದು ಮಾತು: ಪರೀಕ್ಷೆ ಮುಗಿಸಿಬಿಡಿ. ಸಿನಿಮಾ ಎಲ್ಲಿಗೂ ಓಡಿಹೋಗುವುದಿಲ್ಲ.

ಪಾಸ್‌ಪೋರ್ಟ್ ಬಂದದ್ದು ಓಣಿಗೆಲ್ಲ ಗೊತ್ತಾಯಿತು. ಮೂರನೆಯ ದಿನಕ್ಕೆ ಚಹಾದ ಅಂಗಡಿಯಲ್ಲಿ ಒಬ್ಬಾತ ಹತ್ತಿರ ಬಂದು ಕೂತ. ಬ್ಯಾಂಕಾಕಿನಲ್ಲಿ ಕಂಪ್ಯೂಟರ್ ಕೆಲಸ, ತಿಂಗಳಿಗೆ ಲಕ್ಷದ ಹತ್ತಿರ ಸಂಬಳ, ಟಿಕೀಟು ಅವರದೇ, ಇಂಗ್ಲಿಷ್ ಬರದಿದ್ದರೂ ನಡೀತದೆ ಅಂದ. “ಸಿಂಗಪೂರ್ ನೋಡಿ ಏನ್ ಮಾಡ್ತಿ? ರೊಕ್ಕ ಕಳಕೊಂಡು ಬರೂದಕ್ಕಿಂತ ರೊಕ್ಕ ಗಳಿಸಿಕೊಂಡು ಬಾ.”

ಮಾತು ಸಿಹಿಯಾಗಿತ್ತು. ಆದರೆ ಪತ್ರಿಕೆಗೆ ಬರೆಯುವವನಿಗೆ ಆ ಕಥೆಯ ಎರಡನೇ ಭಾಗವೂ ಗೊತ್ತಿತ್ತು. ಬ್ಯಾಂಕಾಕಿನಲ್ಲಿ ಇಳಿದ ಹುಡುಗರನ್ನು ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡ್ಡಿ ಕಡೆ ಒಯ್ಯುತ್ತಾರೆ. ಪಾಸ್‌ಪೋರ್ಟ್ ಕಸಿದುಕೊಂಡು, ತಂತಿ ಬೇಲಿಯೊಳಗೆ ಕೂಡಿಹಾಕಿ, ಫೋನಿನಲ್ಲಿ ಜನರಿಗೆ ಟೋಪಿ ಹಾಕುವ ಕೆಲಸಕ್ಕೆ ಹಚ್ಚುತ್ತಾರೆ. 2025ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ವಾಯುಪಡೆಯ ವಿಮಾನ ಕಳಿಸಿ ಇಂಥ ಐನೂರಕ್ಕೂ ಹೆಚ್ಚು ಜನರನ್ನು ಕರೆತಂದಿತು. ಅವರೂ ನಮ್ಮಂಥ ಹುಡುಗರೇ. ಅವರಿಗೂ ಯಾರೋ ಒಬ್ಬರು ಚಹಾದ ಅಂಗಡಿಯಲ್ಲೇ ಸಿಕ್ಕಿದ್ದರು.

“ನಿಮ್ಮ ಲೈಸೆನ್ಸ್ ನಂಬರ್ ಹೇಳ್ರಿ, ಸರ್ಕಾರದ ಇ-ಮೈಗ್ರೇಟ್‌ನಾಗ ನೋಡ್ತೀನಿ” ಅಂದೆ. ಆತ ಅರ್ಧ ಚಹಾ ಬಿಟ್ಟು ಎದ್ದ. ವಿದೇಶದ ಕೆಲಸ ಕೊಡಿಸುವವರ ನೋಂದಣಿ ಆ ಜಾಲತಾಣದಲ್ಲಿ ಇರುತ್ತದೆ. ನಂಬರ್ ಕೇಳಿದ ಕೂಡಲೇ ಎದ್ದು ಹೋಗುವವನು ಯಾರು ಅಂತ ಮತ್ತೆ ಕೇಳಬೇಕಾಗಿಲ್ಲ. ನೋಡಲು ಕೊಟ್ಟ ವೀಸಾದಲ್ಲಿ ದುಡಿಯಲು ಹೋಗಬಾರದು. ಇದಿಷ್ಟು ನೆನಪಿಟ್ಟರೆ ಅರ್ಧ ಅಪಾಯ ಕಳೆಯಿತು.

ಬಾದಾಮಿಯ ಒಂಟಿ ಪ್ರವಾಸಿಗಳು

ಒಬ್ಬನೇ ತಿರುಗುವುದು ಹೇಗೆಂದು ಕಲಿಯಲು ಸಿಂಗಪೂರಕ್ಕೆ ಹೋಗಬೇಕಾಗಿಲ್ಲ. ಬಾದಾಮಿಗೆ ಹೋದರೆ ಸಾಕು. ಇಮ್ಮಡಿ ಪುಲಿಕೇಶಿಯ ರಾಜಧಾನಿ! 1967ರ ‘ಇಮ್ಮಡಿ ಪುಲಿಕೇಶಿ’ಯಲ್ಲಿ ನಮ್ಮ ಅಣ್ಣಾವ್ರು ಕಿರೀಟ ಇಟ್ಟು ನಿಂತದ್ದು ಇವತ್ತಿಗೂ ಎಷ್ಟೋ ಮಂದಿಗೆ ಚಾಲುಕ್ಯರ ಇತಿಹಾಸದ ಮೊದಲ ಪಾಠ. ಕೆಂಪು ಬಂಡೆ, ಅಗಸ್ತ್ಯತೀರ್ಥದ ಹಸಿರು ನೀರು, ಕೈಯಲ್ಲಿದ್ದ ಬಾಳೆಹಣ್ಣು ಕಸಿಯುವ ಮಂಗಗಳು... ಇವೆಲ್ಲವನ್ನೂ ನೋಡಲು ಜರ್ಮನಿಯಿಂದ, ಫ್ರಾನ್ಸಿನಿಂದ ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬೊಬ್ಬರೇ ಬರುತ್ತಾರೆ. ಹೆಣ್ಣುಮಕ್ಕಳೂ ಒಬ್ಬರೇ ಬರುತ್ತಾರೆ.

ಬಸ್‌ಸ್ಟ್ಯಾಂಡ್ ಹತ್ತಿರದ ಲಾಡ್ಜಿನ ಮ್ಯಾನೇಜರರು ನನಗೆ ಪರಿಚಯ. ಪರದೇಶದವರು ಬಂದ 24 ಗಂಟೆಯೊಳಗೆ ಅವರ ಪಾಸ್‌ಪೋರ್ಟ್ ವಿವರವನ್ನು ಸರ್ಕಾರಕ್ಕೆ ಕಳಿಸುವುದು ಅವರ ಕೆಲಸ. ಎಷ್ಟೋ ವರ್ಷದಿಂದ ನೂರಾರು ದೇಶದ ಪುಸ್ತಕ ಕಂಡ ಕೈ ಅದು. ನನ್ನ ಹೊಸ ಪಾಸ್‌ಪೋರ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಇಷ್ಟು ವರ್ಷ ಮಂದಿ ಪಾಸ್‌ಪೋರ್ಟ್ ನೋಡೇನಿ. ನಮ್ಮೂರ ಹುಡುಗಂದು ಇವತ್ತ ನೋಡಾಕತ್ತೀನಿ ನೋಡ್ರಿ” ಅಂದರು.

ಆಮೇಲೆ ಅವರು ಹೇಳಿದ ಪಾಠ ಯಾವ ಗೈಡ್ ಪುಸ್ತಕಕ್ಕೂ ಕಡಿಮೆಯಿಲ್ಲ. ಚೀಲ ಒಂದೇ ಇರಲಿ, ಎರಡೂ ಕೈ ಖಾಲಿ ಇರಲಿ. ಪಾಸ್‌ಪೋರ್ಟಿನ ಮೂರು ಝೆರಾಕ್ಸ್ ಮಾಡಿಸಿ ಮೂರು ಕಡೆ ಇಡು, ಒಂದು ಮನೆಯಲ್ಲಿ ಬಿಡು. ದುಡ್ಡು ಒಂದೇ ಜೇಬಿನಲ್ಲಿ ಬೇಡ. ಮೊದಲ ರಾತ್ರಿ ಮಲಗುವ ಜಾಗ ಹೊರಡುವ ಮೊದಲೇ ಗೊತ್ತಿರಲಿ, ಅದರ ವಿಳಾಸ ಕಾಗದದ ಮೇಲೂ ಇರಲಿ, ಫೋನ್ ಯಾವಾಗ ಸಾಯುತ್ತದೆಂದು ಹೇಳಲಾಗದು. ಕತ್ತಲಾದ ಮೇಲೆ ಹೊಸ ಊರಿನಲ್ಲಿ ಇಳಿಯಬೇಡ.

“ಹೆದರಿಕೆ ಆಗೂದಿಲ್ಲೇನ್ರಿ ಅವರಿಗೆ, ಒಬ್ಬರ ಬರಾಕ?” ಅಂತ ಕೇಳಿದೆ.

“ಆಗ್ತೈತಿ. ರಾತ್ರಿ ಕರೆಂಟ್ ಹೋದ್ರ ಕೆಳಗ ಬಂದು ನನ್ನ ಮುಂದ ಕುಂದರ್ತಾರ. ಮುಂಜಾನೆ ಎದ್ದು ಮತ್ತ ಹೋಗ್ತಾರ. ಅಷ್ಟ.”

ಪುಲಿಕೇಶಿಯ ಕಾಲದಲ್ಲೇ ಇಂಥ ಒಬ್ಬ ಒಂಟಿ ಪ್ರವಾಸಿ ಇದ್ದ. ಚೀನಾದ ಭಿಕ್ಷು ಹ್ಯುಯೆನ್‌ತ್ಸಾಂಗ್. ಆಗ ಚೀನಾದ ಚಕ್ರವರ್ತಿ ಜನ ಗಡಿ ದಾಟಬಾರದೆಂದು ಕಟ್ಟು ಮಾಡಿದ್ದ. ಈತ ಅನುಮತಿ ಇಲ್ಲದೆಯೇ ಹೊರಟ, ಮರುಭೂಮಿ ದಾಟಿದ, ಹದಿನೈದು ವರ್ಷಕ್ಕೂ ಹೆಚ್ಚು ತಿರುಗಿದ. ಪುಲಿಕೇಶಿಯ ರಾಜ್ಯವನ್ನೂ ಅಲ್ಲಿನ ಜನರ ಕೆಚ್ಚನ್ನೂ ಹೊಗಳಿ ಬರೆದ. 645ರಲ್ಲಿ 657 ಗ್ರಂಥಗಳೊಂದಿಗೆ ಊರಿಗೆ ಮರಳಿದಾಗ ಅದೇ ಚಕ್ರವರ್ತಿ ಅವನನ್ನು ಗೌರವದಿಂದ ಬರಮಾಡಿಕೊಂಡ. ಕಟ್ಟು ಮುರಿದು ಹೋದವನು ಮರಳಿ ಬಂದದ್ದರಿಂದಲೇ ಪುಲಿಕೇಶಿಯ ಬಗ್ಗೆ ಪರದೇಶಿಯೊಬ್ಬ ಕಂಡು ಹೇಳಿದ ಮಾತು ನಮಗೆ ಉಳಿಯಿತು.

ಐಹೊಳೆಯ ಐನೂರು ಮಂದಿ

ಬಾದಾಮಿಯಿಂದ ಪಟ್ಟದಕಲ್ಲು ದಾಟಿ ಹುನಗುಂದ ತಾಲ್ಲೂಕಿನ ಐಹೊಳೆಗೆ ಬಂದೆ. ಶಾಲೆಯ ಪ್ರವಾಸದಲ್ಲಿ ಎಲ್ಲರೂ ದುರ್ಗದ ಗುಡಿಯ ಮುಂದೆ ಫೋಟೋ ತೆಗೆಸಿಕೊಂಡವರೇ. ಗುಡ್ಡದ ಮೇಲಿನ ಮೇಗುತಿ ಬಸದಿಯಲ್ಲಿ ರವಿಕೀರ್ತಿಯ 634ರ ಶಾಸನವಿದೆ. ಪುಲಿಕೇಶಿ ನೂರಾರು ಹಡಗು ನಡೆಸಿ ಪುರಿಯೆಂಬ ಕಡಲ ಪಟ್ಟಣವನ್ನು ಮುತ್ತಿದ ಸಂಗತಿ ಅದರಲ್ಲಿದೆ. ಸಮುದ್ರವೇ ಕಾಣದ ಈ ಕಲ್ಲುಬಯಲಿನಲ್ಲಿ ಹಡಗಿನ ಮಾತು!

ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಐಹೊಳೆಯ ಹಳೆಯ ಹೆಸರು ಅಯ್ಯಾವೊಳೆ. ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘ ಇಲ್ಲಿಂದ ಹೆಸರು ಪಡೆಯಿತು. ಬಟ್ಟೆ, ರತ್ನ, ಸುಗಂಧ, ಮಸಾಲೆ, ಕುದುರೆ, ಹೀಗೆ ಅವರು ಮಾರದ ವಸ್ತು ಇರಲಿಲ್ಲ. ಕನ್ನಡ, ತಮಿಳು, ತೆಲುಗು ನಾಡಿನವರೆಲ್ಲ ಸೇರಿ ಆ ಸಂಘ ಬೆಳೆಯಿತು, ಕಡಲು ದಾಟಿತು. ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿ, ಬಾರೂಸ್ ಬಂದರಿನ ಹತ್ತಿರದ ಲೋಬು ತುವಾ ಎಂಬಲ್ಲಿ, 1088ರ ಒಂದು ತಮಿಳು ಶಾಸನ ಸಿಕ್ಕಿದೆ. ಅದನ್ನು ಹಾಕಿಸಿದವರು ಈ ಐನೂರ್ವರೇ. ಸುಮಾತ್ರಾ ಎಲ್ಲಿದೆ ಎಂದು ನಕ್ಷೆ ತೆಗೆದು ನೋಡಿ. ಸಿಂಗಪೂರದ ಪಕ್ಕದ ದ್ವೀಪವೇ ಅದು!

ನಾನು ಗುಡ್ಡದ ಮೇಲೆ ಕೂತು ಲೆಕ್ಕ ಹಾಕಿದೆ. ಒಂಬತ್ತು ನೂರು ವರ್ಷಗಳ ಹಿಂದೆಯೇ ಐಹೊಳೆಯ ಹೆಸರು ಹೊತ್ತವರು ಆ ನೀರಿನ ಮೇಲೆ ಓಡಾಡಿದ್ದಾರೆ. ಗಾಳಿಗೆ ಕಾದು, ಹಡಗಿನಲ್ಲಿ ತಿಂಗಳುಗಟ್ಟಲೆ ತೇಲಿ, ವ್ಯಾಪಾರ ಮಾಡಿ, ಮತ್ತೆ ಗಾಳಿ ತಿರುಗಿದಾಗ ಹಿಂದಿರುಗಿದ್ದಾರೆ. ಗುಳೆ ಎಂಬ ಒಂದೇ ಪದ ನಮ್ಮ ಪಾಲಿಗೆ ಉಳಿದದ್ದು ಆಮೇಲಿನ ಮಾತು. ಹೋಗಿ ಬರುವ ವಿದ್ಯೆ ಈ ನೆಲಕ್ಕೆ ಮೊದಲೇ ಗೊತ್ತಿತ್ತು. ಮನೆಗೆ ಬಂದು ಇದನ್ನು ಅವ್ವನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಲೇ ಕೇಳಿದಳು: “ಐನೂರು ಮಂದಿ ಕೂಡಿ ಹೋಗಿದ್ರಲ್ಲಪಾ. ನೀ ಒಬ್ಬನ ಹೊಂಟೀದಿ.”

ಅಮೀನಗಡದ ಕರದಂಟು, ಹುನಗುಂದದ ಬಸ್ಸು

ವೀಸಾದ ಮಾತು ಬೇಗ ಮುಗಿಸುತ್ತೇನೆ. ಸಿಂಗಪೂರದ ವೀಸಾಕ್ಕೆ ಅಲ್ಲಿನ ಸರ್ಕಾರ ಮಾನ್ಯ ಮಾಡಿದ ಏಜೆಂಟರ ಮೂಲಕ ಅರ್ಜಿ ಹಾಕಬಹುದು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಜೀವ ಇರಬೇಕು. ವಾಪಸು ಬರುವ ಟಿಕೀಟು, ಉಳಿಯುವ ಜಾಗ, ಬ್ಯಾಂಕಿನ ಲೆಕ್ಕ ತೋರಿಸಬೇಕಾಗಬಹುದು. ತಲುಪುವ ಮೂರು ದಿನದೊಳಗೆ ‘ಅರೈವಲ್ ಕಾರ್ಡ್’ ಎಂಬುದನ್ನು ಅಲ್ಲಿನ ಸರ್ಕಾರದ ತಾಣದಲ್ಲಿ ತುಂಬಬೇಕು. ಅದಕ್ಕೆ ಒಂದು ಪೈಸೆಯೂ ಇಲ್ಲ. ದುಡ್ಡು ಕೇಳುವ ತಾಣ ಕಂಡರೆ ಅದು ಬೇರೆಯವರದೆಂದು ತಿಳಿಯಿರಿ.

ಹೊರಡುವ ದಿನ ಅವ್ವನೂ ಜೊತೆಗೆ ಬಂದಳು. ಅವಳ ತವರು ಇಳಕಲ್. ಅಲ್ಲಿಂದ ರಾತ್ರಿ ಬೆಂಗಳೂರು ಬಸ್ಸು. “ತವರಿಗೆ ಹೊಂಟೇನಿ, ನಿನ್ನ ಕಳಿಸಾಕಲ್ಲ” ಅಂದಳು. ಆದರೆ ಅವಳ ಕೈಚೀಲದಲ್ಲಿ ನಲವತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಇದ್ದವು. ಅವು ಯಾರಿಗೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಕಮತಗಿ ದಾಟಿ ಅಮೀನಗಡದಲ್ಲಿ ಬಸ್ಸು ನಿಂತಿತು. ಅಮೀನಗಡ ಅಂದರೆ ಕರದಂಟು. ಅಂಟನ್ನು ತುಪ್ಪದಲ್ಲಿ ಕರಿದು, ಬೆಲ್ಲ, ಕೊಬ್ಬರಿ, ಗೋಡಂಬಿ, ಉತ್ತತ್ತಿ ಕೂಡಿಸಿ ಮಾಡುವ ತಿನಿಸು. ‘ಕರಿದ ಅಂಟು’ ಕರದಂಟಾಯಿತು. ತಿಂಗಳುಗಟ್ಟಲೆ ಕೆಡುವುದಿಲ್ಲ. ಆದರೆ ನಾನು ಅಂಗಡಿಯವರನ್ನು ಮೊದಲು ಕೇಳಿದ್ದು ಬೆಲೆಯನ್ನಲ್ಲ.

“ಇದರಾಗ ಗಸಗಸಿ ಐತೇನ್ರಿ?”

ಅವರು ವಿಚಿತ್ರವಾಗಿ ನೋಡಿದರು. ಕೇಳಲು ಕಾರಣವಿದೆ. ನಮ್ಮ ಅಡುಗೆ ಮನೆಯ ಗಸಗಸೆ ಅಫೀಮಿನ ಗಿಡದ ಬೀಜ. ಸಿಂಗಪೂರಕ್ಕೆ ಅದನ್ನು ಮೊದಲೇ ಅನುಮತಿ ಪಡೆಯದೆ ಒಯ್ಯುವಂತಿಲ್ಲ. ಮಾದಕ ವಸ್ತುವಿನ ವಿಷಯದಲ್ಲಿ ಆ ದೇಶದಲ್ಲಿ ಗಲ್ಲು ಶಿಕ್ಷೆಯವರೆಗೂ ಕಾನೂನಿದೆ. ಗಸಗಸೆ ಇಲ್ಲದ ಡಬ್ಬಿ ಹುಡುಕಿಸಿ, ಮೇಲಿನ ಚೀಟಿ ಓದಿ, ಒಂದು ಕಿಲೋ ತಗೊಂಡೆ.

ಹುನಗುಂದದಲ್ಲಿ ಬಸ್ಸು ಬದಲಾಯಿಸಬೇಕು. ಅಲ್ಲಿ ಅವ್ವ ಕೂಡಲಸಂಗಮದ ದಿಕ್ಕಿಗೆ ತಿರುಗಿ ಕೈಮುಗಿದಳು. ಕೃಷ್ಣೆ ಮಲಪ್ರಭೆ ಕೂಡುವ ಆ ಜಾಗ ಇದೇ ತಾಲ್ಲೂಕಿನದು. ಬಸವಣ್ಣ ಐಕ್ಯನಾದ ನೆಲ. “ಬಸವಣ್ಣನೂ ಪರದೇಶಕ್ಕ ಹೋಗ್ಯಾನಬೇ. ಲಂಡನ್ನಿನಾಗ ಥೇಮ್ಸ್ ನದಿ ದಂಡಿಗೆ ಮೂರ್ತಿ ಐತಿ, 2015ರಾಗ ನಿಲ್ಲಿಸ್ಯಾರ” ಅಂದೆ. ಅವ್ವ ಮೊದಲ ಸಲ ನಕ್ಕಳು. “ಅಲ್ಲೂ ಹೊಳಿ ದಂಡಿನ ಹಿಡದಾನ ನೋಡು” ಅಂದಳು.

ಇಳಕಲ್ಲಿನ ಗಂಟು

ಇಳಕಲ್ಲಿಗೆ ಪರದೇಶ ಹೊಸದಲ್ಲ. ಇಲ್ಲಿನ ಕೆಂಪು ಗ್ರಾನೈಟ್ ಯಾವತ್ತೋ ಹಡಗು ಹತ್ತಿ ಹೋಗಿದೆ. ಇಲ್ಲಿನ ಸೀರೆಯಂತೂ ಕೇಳಲೇಬೇಡಿ. ಮಾಮಾನ ಮನೆಯಲ್ಲಿ ಕುಣಿ ಮಗ್ಗ ಇನ್ನೂ ಆಡುತ್ತದೆ. ಒಡಲಿನ ಎಳೆ ಬೇರೆ, ಸೆರಗಿನ ಕೆಂಪು ರೇಷ್ಮೆಯ ಎಳೆ ಬೇರೆ. ಒಂದೊಂದೇ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಇದೇ ‘ತೋಪ ತೆನಿ’ ಸೆರಗು. ಎರಡು ಬೇರೆ ನೂಲು ಒಂದಾದ ಜಾಗ ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ.

ಸಂಜೆ ಪಕ್ಕದ ಮನೆಯ ಅಕ್ಕ ಒಬ್ಬರು ಬಂದರು. ಅವರ ಮಗಳು ಅಳಿಯ ಸಿಂಗಪೂರದಲ್ಲೇ ಇದ್ದಾರೆ. ಕೈಯಲ್ಲಿ ಬಟ್ಟೆಯಲ್ಲಿ ಹೊಲಿದ ಒಂದು ಗಂಟು.

“ತಮ್ಮಾ, ಇದನ್ನ ನಮ್ಮ ಹುಡುಗಿಗೆ ಮುಟ್ಟಿಸಿಬಿಡಪಾ. ಬಾಣಂತಿ ಅದಾಳ.”

ಇಲ್ಲಿ ನನಗೆ ಪೀಕಲಾಟ ಬಂತು. ವಿಮಾನದಲ್ಲಿ ಬೇರೆಯವರ ಮುಚ್ಚಿದ ಗಂಟು ಒಯ್ಯಬಾರದು. ಚೀಲ ಯಾರದೋ ಅವನೇ ಹೊಣೆ. ನನಗೆ ಗೊತ್ತಿರಲಿಲ್ಲ ಅಂದರೆ ಯಾರೂ ಕೇಳುವುದಿಲ್ಲ. ಆದರೆ ಓಣಿಯಲ್ಲಿ ಹಿರಿಯ ಹೆಣ್ಣುಮಗಳಿಗೆ ‘ಗಂಟು ಬಿಚ್ಚಿ ತೋರಿಸ್ರಿ’ ಅನ್ನುವುದು ಹೇಗೆ? ಮಾಮಾ ಮಗ್ಗ ನಿಲ್ಲಿಸಿದ. ಅವ್ವ ನನ್ನ ಮುಖ ನೋಡಿದಳು.

“ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ಬಿಚ್ಚಿ ನೋಡಿ, ನಾನ ಮತ್ತ ಕಟ್ಟಬೇಕು. ಅಲ್ಲಿ ಕಾಯ್ದೆ ಹಂಗೈತ್ರಿ” ಅಂದೆ.

ಅಕ್ಕನ ಮುಖ ಬಾಡಿತು. “ನಾ ಏನ್ ಕಳ್ಳ ಸಾಮಾನ ಕೊಟ್ಟೇನೇನೋ?” ಅಂದರು. ಆದರೂ ಹೊಲಿಗೆ ಬಿಚ್ಚಿದರು. ಒಳಗೆ ದಾಳಿಂಬೆ ಬಣ್ಣದ ಒಂದು ಇಳಕಲ್ ಸೀರೆ, ಕೂಸಿಗೊಂದು ಕುಲಾಯಿ, ಸ್ಟೀಲಿನ ಡಬ್ಬಿಯಲ್ಲಿ ಅಂಟಿನುಂಡಿ.

“ಗಸಗಸಿ ಹಾಕೀರೇನ್ರಿ?”

“ಹಾಕದ ಹೆಂಗ? ಬಾಣಂತಿ ನಡಾ ಗಟ್ಟಿ ಆಗಬೇಕಲ್ಲ?”

ಆಗ ನಾನು ಸಿಂಗಪೂರದ ಕಾಯ್ದೆ ಬಿಡಿಸಿ ಹೇಳಿದೆ. ಅಕ್ಕ ಡಬ್ಬಿಯನ್ನು ಎದೆಗೆ ಅವಚಿಕೊಂಡು ಸ್ವಲ್ಪ ಹೊತ್ತು ನಿಂತರು. ಮಗಳಿಗಾಗಿ ಎರಡು ದಿನ ಕೂತು ಕಟ್ಟಿದ ಉಂಡಿ. ಕೊನೆಗೆ ಡಬ್ಬಿ ತೆರೆದು ನಮ್ಮೆಲ್ಲರ ಕೈಗೂ ಒಂದೊಂದು ಕೊಟ್ಟರು. “ನೀವರ ತಿನ್ನರಿ. ಸೀರಿ ಮುಟ್ಟಿಸು ಸಾಕು” ಅಂದರು. ಸೀರೆಯನ್ನು ಮಡಿಕೆ ಮಡಿಕೆ ಬಿಚ್ಚಿ ನೋಡಿ, ನಾನೇ ಮಡಚಿ ಚೀಲದಲ್ಲಿಟ್ಟೆ. ಆ ಉಂಡಿ ಬಹಳ ರುಚಿಯಾಗಿತ್ತು. ಗಂಟಲಲ್ಲಿ ಇಳಿಯುವುದು ಮಾತ್ರ ಸ್ವಲ್ಪ ಕಷ್ಟವಾಯಿತು.

ಇನ್ನೊಂದು ವಸ್ತು ಬಿಟ್ಟುಹೋಗಬೇಕಿತ್ತು. ಜೊತೆಗೆ ಬಂದಿದ್ದ ಗೆಳೆಯನ ಜೇಬಿನಲ್ಲಿ ಗುಟಖಾ ಚೀಟಿ. “ದಾರಿಗೆ ಇರಲಿ ತಗೋ” ಅಂತ ನನ್ನ ಚೀಲಕ್ಕೆ ಹಾಕಲು ಬಂದ. ಸಿಂಗಪೂರಕ್ಕೆ ಗುಟಖಾ, ಜರ್ದಾ, ಖೈನಿ ಒಂದೂ ಒಯ್ಯುವಂತಿಲ್ಲ. ಮಾರಲು ಚೂಯಿಂಗ್ ಗಮ್ ತರುವುದನ್ನೂ 1992ರಿಂದ ನಿಲ್ಲಿಸಿದ ದೇಶ ಅದು! ಇಳಕಲ್ಲಿನ ಚಿತ್ತರಗಿ ಮಠದ ಮಹಾಂತ ಸ್ವಾಮಿಗಳು 1975ರಿಂದ ಊರೂರು ತಿರುಗಿ ಜೋಳಿಗೆ ಒಡ್ಡಿ ಜನರ ಚಟಗಳನ್ನೇ ಭಿಕ್ಷೆ ಬೇಡಿದರು. ಬೀಡಿ ಕಟ್ಟು, ಸಾರಾಯಿ, ತಂಬಾಕು ಎಲ್ಲ ಆ ‘ಮಹಾಂತ ಜೋಳಿಗೆ’ಗೆ ಬಿದ್ದವು. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. “ಮಠದ ಊರಾಗ ನಿಂತು ಇದನ್ನ ಕೊಡ್ತೀಯೇನಲೇ?” ಅಂದೆ. ಗೆಳೆಯ ನಕ್ಕು ಚೀಟಿಯನ್ನು ಗಟಾರಕ್ಕೆ ಎಸೆದ. ಮರುದಿನ ಮತ್ತೆ ಕೊಂಡನೋ ಏನೋ, ಅವನಾಣೆ ನನಗೆ ಗೊತ್ತಿಲ್ಲ.

ಹೋಗಿ ಬರ್ತೀನಿ

ಇಳಕಲ್ ಬಸ್‌ಸ್ಟ್ಯಾಂಡು. ಕುಷ್ಟಗಿ, ಹೊಸಪೇಟೆ, ಚಿತ್ರದುರ್ಗ ಮೇಲೆ ಹೋಗುವ ಬೆಂಗಳೂರು ಬಸ್ಸು ಬಂದು ನಿಂತಿತು. ಅವ್ವ ರೊಟ್ಟಿಯ ಗಂಟನ್ನು ಕೊನೆಗೂ ಕೊಟ್ಟಳು. ಬಸ್ಸು ಹೊರಟಾಗ ನಾನು ಕಿಟಕಿಯಿಂದ “ಹೋಗ್ತೀನಿಬೇ” ಅಂದೆ.

ಅವ್ವ ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಓಡಿಬಂದಳು. “ಹಂಗನಬಾರದು. ಹೋಗಿ ಬರ್ತೀನಿ ಅನಬೇಕು!”

“ಹೋಗಿ ಬರ್ತೀನಿ!”

ಬೆಳಗಿನ ಜಾವ ಮೆಜೆಸ್ಟಿಕ್. ಅಲ್ಲಿಂದ ವಾಯು ವಜ್ರ ಬಸ್ಸಿನಲ್ಲಿ ದೇವನಹಳ್ಳಿ. ಪರದೇಶದ ವಿಮಾನಗಳು ಈಗ ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ಒಳಗೆ ಗಿಡ ಬಳ್ಳಿ ನೇತಾಡುತ್ತವೆ, ಯಾವುದೋ ದೊಡ್ಡ ಬ್ಯಾನರಿನ ಸೆಟ್ ಎಂದುಕೊಳ್ಳಬೇಕು! ಮೂರು ಗಂಟೆ ಮೊದಲೇ ಹೋಗಿದ್ದು ಒಳ್ಳೆಯದಾಯಿತು. ಚೀಲ ತೂಗುವವರು ಖಡಕ್ ರೊಟ್ಟಿಯ ಗಂಟನ್ನು ಯಂತ್ರದಲ್ಲಿ ಎರಡು ಸಲ ತಿರುಗಿಸಿದರು. ಪರದೆಯ ಮೇಲೆ ಅದು ಗುಂಡಗಿನ ಯಂತ್ರದ ಬಿಡಿಭಾಗದಂತೆ ಕಂಡಿತಂತೆ. ಬಿಚ್ಚಿ ತೋರಿಸಿದೆ. ಕಾವಲಿನ ಹುಡುಗ ರಾಯಚೂರು ಕಡೆಯವನು. “ರೊಟ್ಟಿ ಏನ್ರಿ ಅಣ್ಣಾ?” ಅಂದ, ಅವನ ಕಣ್ಣು ಅರಳಿತು. ಎರಡು ಕೊಡಲು ಹೋದೆ. “ಡ್ಯೂಟಿಮ್ಯಾಲ ತಗೊಳಂಗಿಲ್ರಿ” ಅಂದು ಗಂಟನ್ನು ತಾನೇ ಕಟ್ಟಿಕೊಟ್ಟ.

ಕೊನೆಯ ಬಾಗಿಲು ಇಮಿಗ್ರೇಷನ್. ಗಾಜಿನ ಹಿಂದೆ ಕೂತ ಅಧಿಕಾರಿ ಹೊಸ ಪುಸ್ತಕದ ಖಾಲಿ ಪುಟಗಳನ್ನು ತಿರುವಿದರು.

“ಮೊದಲ ಸಲಾನಾ?”

“ಹೌದ್ರಿ ಸರ್.”

“ಜೊತೇಲಿ ಯಾರು?”

ನಾನು ಒಂದು ಕ್ಷಣ ಸುಮ್ಮನಿದ್ದೆ. ಚೀಲದಲ್ಲಿ ಅವ್ವನ ರೊಟ್ಟಿ, ಅಕ್ಕನ ಸೀರೆ, ಜೇಬಿನಲ್ಲಿ ಅಪ್ಪ ಎರಡು ಸಲ ಕೇಳಿದ ವಿಳಾಸ.

“ಒಬ್ಬನೇ ಸರ್.”

“ಯಾಕೆ ಹೋಗ್ತಿದೀರಿ?”

“ನೋಡಾಕ್ರಿ.”

“ವಾಪಸ್ ಯಾವಾಗ?”

“ಎಂಟು ದಿನಕ್ಕ, ಮುಂದಿನ ಗುರುವಾರ” ಅಂದು ವಾಪಸು ಟಿಕೀಟು ತೋರಿಸಿದೆ. ಅವರು ತಲೆಯೆತ್ತಿ ಒಮ್ಮೆ ನೋಡಿದರು. ಠಪ್ ಎಂದು ಮುದ್ರೆ ಬಿತ್ತು.